ಬಾಗಿಲಲ್ಲಿ ಆರತಿ

"ಆ ಸೂತಕದ ಮೂತಿ ಇಟ್ಕೊಂಡು ನಿಲ್ಬೇಡಿ ದ್ರಾಕ್ಷಾಯಣಮ್ಮ. ಆರತಿ ಎತ್ತೋದಕ್ಕೆ ಕರ್ದಿರೋದು, ಅಳೋದಕ್ಕಲ್ಲ," ಎಂದ ಗೋಪಿನಾಥ್.

ಬೆಳಗಿನಿಂದ ಹೋಳಿಗೆ ತಟ್ಟಿ ದ್ರಾಕ್ಷಾಯಣಿಯ ಮೊಣಕೈ ಸೋತಿತ್ತು. ರಾಂಚೊ ಬರ್ನಾರ್ಡೊದ ಶಾಲೆಯ ಹಾಲ್‌ನಲ್ಲಿ ಆ ದಿನ ಯುಗಾದಿ. ಗೋಪಿನಾಥ್ ಅಲ್ಲಿನ ಕನ್ನಡಿಗರ ಸಂಘದ ಅಧ್ಯಕ್ಷ. ಅವಳಿಗೆ ಅಡುಗೆ ಕೆಲಸ ಕೊಟ್ಟ ಧಣಿಯೂ ಅವನೇ. ವಾಷಿಂಗ್ಟನ್ನಿನ ಸಂಸತ್ ಸದಸ್ಯನೊಬ್ಬ ಅತಿಥಿಯಾಗಿ ಬರುವವನಿದ್ದ. ಇಳಕಲ್ ಸೀರೆಯ ಮುದುಕಿ ಬಾಗಿಲಲ್ಲಿದ್ದರೆ ಫೋಟೋ ಚೆನ್ನಾಗಿ ಬರುತ್ತದೆಂದು ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದಿದ್ದರು. ಜೊತೆಗೆ ತಟ್ಟೆ ಹಿಡಿಯಲು ಪಸಡೀನಾದಲ್ಲಿ ಓದುವ ಹುಬ್ಬಳ್ಳಿಯ ಹುಡುಗಿ ಪ್ರೇರಣಾ.

"ಮಗಳ ವಿಷ್ಯ ಎತ್ತಿದ್ರೆ ನಾಳೆಯಿಂದ ಅಡುಗೆಗೆ ಬರ್ಬೇಡಿ. ನಮ್ಮೋರ ಮಾನ ಬೀದಿಗೆ ಹಾಕೋದು ಬೇಡ," ಎಂದ ಗೋಪಿನಾಥ್.

"ಮಾನ ನಿಮ್ದು. ಹೆಣ ನಮ್ದು," ಎಂದಳು ದ್ರಾಕ್ಷಾಯಣಿ, ಮೆಲ್ಲಗೆ.

ಮಗಳು ನೀರಜಾ ಸತ್ತು ವರ್ಷವಾಗಿತ್ತು. ಪೊಲೀಸರಿಗೆ ಫೋನ್ ಮಾಡಿದರೆ ನಿನ್ನನ್ನೇ ಊರಿಗೆ ವಾಪಸ್ ಪ್ಲೇನ್ ಹತ್ತಿಸುತ್ತಾರೆ ಎಂದು ಗಂಡ ಹೊಡೆದಾಗಲೆಲ್ಲ ಹೇಳುತ್ತಿದ್ದ. ಅವಳು ನಂಬಿದಳು. ಕಡೆಗೊಂದು ಬೆಳಿಗ್ಗೆ ಅವನು ಅವಳನ್ನು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲಿಂದ ನೂಕಿದ. ಇಂಥ ಹೆಂಗಸರಿಗೆ ಆಸರೆಯ ಮನೆ, ವಕೀಲರನ್ನು ಕೊಡಿಸುವ ಕಾನೂನೊಂದಿದೆ ಎಂದು ತಾಯಿಗೆ ತಿಳಿದದ್ದು ಆಮೇಲೆ, ಪ್ರೇರಣಾಳ ಬಾಯಿಂದ. ಈ ಚಳಿಗಾಲದಲ್ಲಿ ಅದರ ಅವಧಿಯೂ ಮುಗಿದಿತ್ತು. ಅದನ್ನು ಮುಂದುವರಿಸಲು ಮತ್ತೆ ಮತ ಹಾಕಬೇಕಾದವರಲ್ಲಿ ಇವತ್ತಿನ ಅತಿಥಿಯೂ ಒಬ್ಬ.

ಅತಿಥಿ ಬಂದ. ಆರತಿ ಮುಗಿಯುವ ತನಕ ಹೊಸ್ತಿಲು ದಾಟಬಾರದೆಂದು ಗೋಪಿನಾಥನೇ ಅವನಿಗೆ ಹೇಳಿಕೊಟ್ಟಿದ್ದ. ಅವನು ಕೈಮುಗಿದು, ನಗುತ್ತ ನಿಂತ. ದ್ರಾಕ್ಷಾಯಣಿ ಶಿವನನ್ನು ನೆನೆದು ತಟ್ಟೆ ಎತ್ತಿದಳು. ಸುತ್ತು ಮುಗಿದರೂ ಇಳಿಸಲಿಲ್ಲ.

"ಇಂಗ್ಲಿಷ್‌ನ್ಯಾಗ ಹೇಳವ್ವ ಪ್ರೇರಣಾ. ನನ್ನ ಮಗಳ್ನ ಆಕೀ ಗಂಡ ಕೊಂದಾನ. ಆ ಕಾನೂನಿಗೆ ಇವ್ರು ಕೈ ಎತ್ತತಾರೋ ಇಲ್ಲೋ, ಕೇಳು."

ಪ್ರೇರಣಾ ಗೋಪಿನಾಥನ ಮುಖ ನೋಡಿದಳು. ಆಮೇಲೆ ಹೇಳಿದಳು, ಒಂದು ಮಾತೂ ಬಿಡದೆ.

ಅತಿಥಿಯ ನಗು ತುಟಿಯಲ್ಲೇ ನಿಂತಿತು. ಬಹಳ ದುಃಖದ ವಿಷಯ, ಒಳಗೆ ಕೂತು ಮಾತಾಡೋಣ ಎಂದ.

"ಒಳಗ ಹೋದ್ರ ಹೋಳಿಗಿ ತಿಂತೀರಿ. ಇಲ್ಲೇ ಹೇಳ್ರಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ.

ಗೋಪಿನಾಥ್ ಅವಳ ಕಿವಿಯ ಹತ್ತಿರ ಬಗ್ಗಿದ. "ತಟ್ಟೆ ಇಳ್ಸೆ, ಮುಂಡೆ. ನಿನ್ ಕೆಲ್ಸ ಹೋಯ್ತು ಅಂತ ತಿಳ್ಕೊ."

"ಹೋಗ್ಲಿ ಬಿಡ್ರಿ. ಒಲಿ ಮುಂದ ನಿಂತು ಸಾಕಾಗೇತಿ."

ಅವನು ತಟ್ಟೆಗೆ ಕೈಹಾಕಿದ. ಉರಿಯುವ ದೀಪವನ್ನು ಹಬ್ಬದ ದಿನ ಇಷ್ಟು ಜನರೆದುರು ಕಿತ್ತುಕೊಳ್ಳಲು ಧೈರ್ಯ ಸಾಲದೆ ಹಿಂದೆಗೆದ. ಅತಿಥಿ ಗಡಿಯಾರ ನೋಡಿಕೊಂಡ. ಬತ್ತಿ ಸಣ್ಣಗಾಗುತ್ತ ಬಂತು; ಅದು ಆರಿದರೆ ಅವನು ಒಳಗೆ ನಡೆಯಬಹುದಿತ್ತು. ಕೆಳಗೆ ಜಾರತೊಡಗಿದ ತಟ್ಟೆಯನ್ನು ದ್ರಾಕ್ಷಾಯಣಿ ಮತ್ತೆ ಎತ್ತಿ ಹಿಡಿದಳು.

ಪ್ರೇರಣಾ ಒಂದು ಕೈಯನ್ನು ಅವಳ ಮೊಣಕೈಗೆ ಆನಿಕೆಯಾಗಿಟ್ಟು, ಇನ್ನೊಂದು ಕೈಯಿಂದ ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಬಟ್ಟಲೆತ್ತಿ ದೀಪಕ್ಕೆ ತುಪ್ಪ ಹೊಯ್ದಳು.