ಗೊಂಬೆ ಮೆಟ್ಟಿಲ ಹಿಂದಿನ ವೈಫೈ

೨೦೦೮ರ ದಸರೆಯಲ್ಲಿ ಜಯನಗರದ ಒಂದು ಹಳೆಯ ಕಲ್ಲುಗೋಡೆಯ ಮನೆಯಲ್ಲಿ ನಡೆದದ್ದೆಂದು ಹೇಳುವ ಕಥೆಯಿದು. ನಡುಮನೆಯಲ್ಲಿ ಗೊಂಬೆ ಕೂರಿಸಿದ ದಿನವೇ ಮಗಳು ಪ್ರಕೃತಿಯ ಕೋಣೆಗೆ ವೈಫೈ ಬರುವುದು ನಿಂತುಹೋಯಿತು.

ತಾಯಿ ಸೀತಾಲಕ್ಷ್ಮಿ ಕಾರಣವನ್ನು ಹುಡುಕಲೇ ಇಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ಕೊಪ್ಪಳದ ಕಡೆಯ ಶ್ವೇತಾಳನ್ನು ಅಡ್ಡಗಟ್ಟಿ ಕೇಳಿಯೇಬಿಟ್ಟರು:

“ಏನಮ್ಮಾ, ನಮ್ಮ ನೆಟ್ಟೆಲ್ಲ ನೀನೇ ಎಳ್ಕೊಂಡ್ರೆ ನನ್ನ ಮಗಳು ಏನ್ಮಾಡ್ಬೇಕು?”

“ನಿಮ್ಮ ನೆಟ್ ನನಗ್ಯಾಕ್ರೀ ಆಂಟಿ? ಆಫೀಸಿನ್ಯಾಗ ದಿನಾ ಅದ ಕೆಲಸ. ಮನಿಗೆ ಬಂದ್ ಮ್ಯಾಲ ಕಂಪ್ಯೂಟರ್ ಮಾರೀನೂ ನೋಡಂಗಿಲ್ಲ,” ಎಂದು ಶ್ವೇತಾ ನಗಲು ನೋಡಿದಳು.

ಸೀತಾಲಕ್ಷ್ಮಿ ನಗಲಿಲ್ಲ. ಬೀದಿಯ ಹೆಂಗಸರನ್ನೆಲ್ಲ ಗೊಂಬೆ ಆರತಿಗೆ ಕರೆದರು. ಬಂದವರ ಮುಂದೆ “ಮೇಲಿನವಳ ಕೈವಾಡ” ಎಂದೂ ಹೇಳಿದರು. ಮಹಡಿಯ ಬಾಗಿಲನ್ನು ಮಾತ್ರ ತಟ್ಟಲಿಲ್ಲ.

ತಾಯಿಯ ಒತ್ತಾಯಕ್ಕೆ ಪ್ರಕೃತಿ ಪಾಸ್‌ವರ್ಡ್ ಬದಲಿಸಿದಳು. ಆದರೂ ಕೋಣೆಗೆ ಸಿಗ್ನಲ್ ಬರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ನಡುಮನೆಗೆ ಬಂದರೆ, ಅಲ್ಲಿ ಧಾರಾಳವಾಗಿತ್ತು.

“ಅಮ್ಮಾ, ಈ ಕಲ್ಲುಗೋಡೆ ದಾಟಕ್ಕೆ ವೈಫೈಗೆ ಆಗಲ್ಲ. ಇಷ್ಟು ದಿನ ನಡುಬಾಗಿಲಿಂದ ಬರ್ತಿತ್ತು. ಕೋಣೆಗೆ ಹಿತ್ಲ ಕಡೆ ಇನ್ನೊಂದು ಬಾಗಿಲಿದೆ ಅಂತ, ನೀನು ಗೊಂಬೆ ಮೆಟ್ಟಿಲಿಗೆ ಇದಕ್ಕೆ ಅಡ್ಡ ಟ್ರಂಕ್ ಜೋಡ್ಸಿದೀಯ!”

“ಮೇಲೆ ಪಂಚೆ ಹಾಸಿದೀನಲ್ಲೇ?”

“ಪಂಚೆ ಕೆಳಗಿರೋದು ಕಬ್ಬಿಣ ತಾನೇ? ಹಿಂದೆ ಬೇರೆ ನಿಲುವುಗನ್ನಡಿ. ಎರಡೂ ಸಿಗ್ನಲ್ಲನ್ನ ವಾಪಸ್ ತಳ್ಳತ್ತೆ.”

ಟ್ರಂಕುಗಳ ಈಚೆ, ನಡುಮನೆಯ ನೆಲದ ಮೇಲಿದ್ದ ವೈಫೈ ಪೆಟ್ಟಿಗೆಯನ್ನು ಅವಳು ಬಾಗಿಲ ಮೇಲಿನ ಗವಾಕ್ಷಿಯಲ್ಲಿಟ್ಟಳು. ಕೋಣೆಗೆ ಸಿಗ್ನಲ್ ಬಂತು.

ಸೀತಾಲಕ್ಷ್ಮಿ ಕುಂಕುಮದ ಬಟ್ಟಲು ಹಿಡಿದು ಮಹಡಿ ಹತ್ತಿದರು.

“ಬರ್ರಿ ಆಂಟಿ, ಒಳಗ ಬರ್ರಿ,” ಎಂದಳು ಶ್ವೇತಾ, ಏನೂ ನಡೆದಿಲ್ಲವೆಂಬಂತೆ. ಮೇಜಿನ ಮೇಲೆ, ಅರ್ಧ ಬಿಚ್ಚಿದ ಕಾಗದದಲ್ಲಿ, ಬಣ್ಣದ ಕಿನ್ನಾಳ ಗೊಂಬೆಯೊಂದಿತ್ತು. “ನಿಮ್ಮ ಗೊಂಬಿ ಸಾಲಿನ್ಯಾಗ ಇಡಾಕ ಊರಿಂದ ತರ್ಸಿದ್ದೆ. ನೀವು ಕರೀಲಿಲ್ಲ. ಹಂಗ ಉಳೀತು.”

ಸೀತಾಲಕ್ಷ್ಮಿ ಕುಂಕುಮದ ಬಟ್ಟಲನ್ನು ಮುಂದೆ ಚಾಚಿದರು. “ಅಡ್ಡ ನಿಂತಿದ್ದು ನನ್ನ ಟ್ರಂಕು, ಕಳ್ಳಿ ಅನ್ನಿಸ್ಕೊಂಡಿದ್ದು ನೀನು. ತಪ್ಪಾಯ್ತಮ್ಮಾ. ಸಂಜೆ ಬಾ. ಎಲ್ಲರ ಮುಂದೆ ಆಡಿದ್ದನ್ನ ಎಲ್ಲರ ಮುಂದೇನೇ ವಾಪಸ್ ತಗೋತೀನಿ.”

ಹಾಗೆಯೇ ಮಾಡಿದರು. ಆಮೇಲೆ ಕಿನ್ನಾಳ ಗೊಂಬೆಯನ್ನೂ ಸಾಲಿನಲ್ಲಿಟ್ಟು ಆರತಿ ಎತ್ತಿದರು.

ಬಂಧುಗಳೇ, ನಿಮ್ಮ ಮನೆಯಲ್ಲಿ ವೈಫೈ ನಿಂತರೆ ಮೊದಲು ಗೋಡೆಯನ್ನು ನೋಡಿ. ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿಡಿ. ಬೀರು, ಕನ್ನಡಿ, ನೀರಿನ ಡ್ರಮ್ಮುಗಳ ಹಿಂದೆ ಬೇಡ. ಗೋಡೆ ದಪ್ಪವಿದ್ದರೆ ಆಚೆಗೆ ತಂತಿಯೆಳೆದು ಇನ್ನೊಂದು ಪೆಟ್ಟಿಗೆ ಹಾಕಿಸಿ. ಪಾಸ್‌ವರ್ಡ್ ಇಡುವುದೂ ಒಳ್ಳೆಯದೇ. ನೆರೆಯವರ ಬಾಗಿಲನ್ನು ಮಾತ್ರ, ತಟ್ಟುವುದಾದರೆ, ಆರತಿಗೆ ಕರೆಯಲು ತಟ್ಟಿ.