ಹಿಮದ ಟಯರು

ಹನಿ ಬೀಳುತ್ತಿದೆ, ಎಲ್ಲಿಂದ, ಓ ಗೋಡೆಯ ಎಸಿಯಿಂದ, ಕೆಳಗಿಟ್ಟ ಪೈಂಟಿನ ಡಬ್ಬಿಗೆ, ಟಪ್, ಇನ್ನೊಂದು ಬೀಳಲಿಕ್ಕೆ ಯಾಕೆ ಇಷ್ಟು ಹೊತ್ತು, ಟಪ್ — ಹೊರಗೆ ಈ ಅರಬರ ನಾಡಿನ ಸಲ್ಮಾಬಾದಿನಲ್ಲಿ ಬಿಸಿಲು ಇಳಿದರೂ ಸೆಕೆ ಇಳಿದಿಲ್ಲ, ಆಗಸ್ಟ್ ಬಂದರೆ ಇಲ್ಲಿಯ ಗಾಳಿ ಒದ್ದೆ ಬಟ್ಟೆ, ಮುಖಕ್ಕೆ ಅಂಟಿದರೆ ಬಿಡುವುದಿಲ್ಲ, ಮತ್ತೆ ಈ ರಬ್ಬರಿನ ವಾಸನೆ, ಗ್ಯಾರೇಜಿನ ಈ ಗಾಜಿನ ಕೋಣೆಯೊಳಗೂ ಬಂದು ಕೂತಿದೆ, ಕೊಟ್ಟ ಚಹಾದಲ್ಲಿಯೂ ರಬ್ಬರು. ಗಾಜಿನಾಚೆ ನಮ್ಮ ಕಾರು ಲಿಫ್ಟಿನ ಮೇಲೆ ನಿಂತಿದೆ, ನಾಲ್ಕು ಚಕ್ರವೂ ಕಳಚಿ, ಬಿಳಿ ಬಣ್ಣದ ಕರೆಂಟಿನ ಕಾರು, ರೂಪೇಶರ ಕಾರು, ಗಂಡ ಹೋಗಿ ವರ್ಷವಾಯಿತು, ಕಾಗದದಲ್ಲಿ ನನ್ನ ಹೆಸರು ಬಂದೂ ಆಯಿತು, ಆದರೂ ಸುಜಾತಳ ಕಾರು ಅಂತ ನನ್ನ ಬಾಯಿಗೇ ಬರುವುದಿಲ್ಲ. ಎಂತ ಹಾಕುದು ಹೇಳಿ ಅಕ್ಕ, ಇಗ್ನೇಷಿಯಸ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ, ಗ್ಯಾರೇಜಿನ ಯಜಮಾನರು, ಬಜ್ಪೆಯವರು, ರೂಪೇಶರ ಹಳೆಯ ಸ್ನೇಹಿತರು, ಮನೆಯಲ್ಲಿ ಇನ್ನೊಂದು ಸೆಟ್ ಟಯರ್ ಉಂಟಲ್ಲ, ಅದೂ ಇದರ ಹಾಗೆ ಹಿಮದ ಊರಿನದ್ದೇ, ಅದನ್ನು ಹಾಕಿದ್ರೆ ಈ ಬಿಸಿಗೆ ಮೆತ್ತಗಾಗಿ ಪುನಃ ಇದೇ ಗತಿ, ಬ್ರೇಕ್ ಹಾಕಿದ್ರೆ ನಿಲ್ಲುದಿಲ್ಲ, ಆಲ್ ಸೀಸನ್ ಹಾಕಿ ಅಕ್ಕ, ಬ್ಯಾಟರಿಯ ಭಾರಕ್ಕೆ ಅಂತಲೇ ಬೇರೆ ಬರ್ತದೆ, ಒಳಗೆ ಸ್ಪಂಜು ಉಂಟು, ಓಡಿದ್ದು ಗೊತ್ತೇ ಆಗುದಿಲ್ಲ. ಗೊತ್ತಾಗದಿರುವುದು ಯಾರಿಗೆ ಬೇಕು. ಶಬ್ದ ಬರುವ ಟಯರ್ ಇಲ್ವಾ ಅಂತ ಕೇಳಿಬಿಟ್ಟೆ, ಅವರು ತಮಾಷೆ ಅಂದುಕೊಂಡು ನಕ್ಕರು. ಅಪೇಕ್ಷಾ ನಗಲಿಲ್ಲ. ಅಮ್ಮಾ, ಹಾಕುದಾದ್ರೆ ಇವತ್ತೇ ಹಾಕು, ಮಾರುದಾದ್ರೆ ಇವತ್ತೇ ಹೇಳು, ಸಂಡೆಯಿಂದ ನಂಗೆ ಡ್ಯೂಟಿ. ಮಗಳಿಗೆ ಬುದಯ್ಯದ ಕ್ಲಿನಿಕ್ಕಿನಲ್ಲಿ ಕೆಲಸ, ಲೈಸೆನ್ಸ್ ಸಿಕ್ಕಿ ಇನ್ನೂ ಬಿಸಿ ಆರಿಲ್ಲ, ಬುಸೈತೀನಿನಿಂದ ದಿನಾ ಹೋಗಿ ಬರಬೇಕು, ಬೇರೆ ಕಾರು ಬೇಡವಂತೆ, ಅಪ್ಪನದ್ದೇ ಬೇಕಂತೆ. ಟಯರ್ ಹಾಕಿಸಿದೆನೋ ಅವಳನ್ನು ಆ ಸೀಟಿಗೆ ಕೂರಿಸಿದೆ ಅಂತಲೇ ಲೆಕ್ಕ. ಆ ಸೀಟಿಗೆ.

ಆಲ್ ಸೀಸನ್, ಎಲ್ಲ ಕಾಲಕ್ಕೂ ಆಗುವಂಥದ್ದು, ಈ ಊರಿನಲ್ಲಿ ಇರುವುದು ಬೇಸಗೆ ಮತ್ತು ಬೇಸಗೆಗೆ ಮೊದಲಿನ ನಾಲ್ಕು ದಿನ, ಅದಕ್ಕೆಷ್ಟು ಜಂಬದ ಹೆಸರು. ಕಳಚಿದ ಟಯರುಗಳನ್ನು ಗೋಡೆಗೆ ಒರಗಿಸಿದ್ದಾರೆ, ಅವುಗಳ ಬದಿಯಲ್ಲಿ ಹಿಮದ ಟಯರಿನ ಆ ಗುರುತು, ಮೂರು ತುದಿಯ ಗುಡ್ಡ, ಗುಡ್ಡದೊಳಗೆ ಒಂದು ಹಿಮದ ಹೂವು, ಅದರ ಮೇಲೆ ಕಂದಿದ ಕುಂಕುಮ — ಅಯ್ಯೋ ಇನ್ನೂ ಹೋಗಿಲ್ಲ. ನಾರ್ವೆಯೋ ಸ್ವೀಡನ್ನೋ, ಎಲ್ಲಿಂದಲೋ ಹಡಗಿನಲ್ಲಿ ಬಂದ ಕಾರು, ರೂಪೇಶರು ತಂದ ದಿನ ಮದುಮಗನ ಹಾಗೆ ಸುತ್ತು ಬಂದರು, ನೋಡು ಟಯರಿನ ಗೆರೆ ಎಷ್ಟು ಆಳ ಉಂಟು, ಹೊಸತು ಮಾರಾಯ್ತಿ, ಇಲ್ಲಿ ಇಂಥದ್ದು ಕಣ್ಣಿಗೆ ಬೀಳುದಿಲ್ಲ. ಬೀಳುವುದು ಹೇಗೆ, ಹಿಮಕ್ಕೆ ಮಾಡಿದ್ದು ಮರಳಿನ ಊರಿನಲ್ಲಿ ಯಾಕೆ ಬೀಳುತ್ತದೆ. ನಮಗೇನು ಗೊತ್ತಿತ್ತು, ಕಡಲ ಕರೆಯವರು ಹಿಮ ನೋಡಿದ್ದು ಫ್ರಿಜ್ಜಿನಲ್ಲಿ. ಆಯುಧ ಪೂಜೆಗೆ ಬೊಟ್ಟು ಇಡುವಾಗ ಇವರ ಕಣ್ಣು ಆ ಗುರುತಿಗೆ ಬಿತ್ತು, ಇಕೊ ಕೈಲಾಸ, ಬೊಟ್ಟು ಇಲ್ಲಿಗೇ ಇಡು, ನಾಲ್ಕು ಕೈಲಾಸಕ್ಕೂ ಕುಂಕುಮ ಇಟ್ಟೆ, ನಾಲ್ಕು ನಿಂಬೆ ಹಣ್ಣು ಚಕ್ರದಡಿ ಇಟ್ಟೆ, ಕಾರು ಸದ್ದಿಲ್ಲದೆ ಹತ್ತಿ ಇಳಿಯಿತು, ನಿಂಬೆ ಒಡೆದ ಸದ್ದು ಮಾತ್ರ ಕೇಳಿತು. ಆಮೇಲೆ ಇಗ್ನೇಷಿಯಸ್ ಹೇಳಿದರು ಇದು ಚಳಿಗಾಲದ ಟಯರ್ ಅಂತ, ಇವರು ಕೇಳಬೇಕಲ್ಲ, ಕುಂಕುಮ ಇಟ್ಟದ್ದನ್ನು ಬಿಸಾಡ್ತಾರಾ. ಬೆಳಿಗ್ಗೆ ಹೊರಡುವ ಮೊದಲು ಕುಕ್ಕರುಗಾಲಲ್ಲಿ ಕೂತು ಒಂದೊಂದು ಟಯರಿಗೂ ಎಡ ಅಂಗೈ ಒತ್ತಿ ಹಿಡಿಯುವುದು, ಜ್ವರ ನೋಡುವ ಹಾಗೆ, ಎದ್ದಾಗ ಅಂಗೈ ಕರ್ರಗೆ, ಟಯರಿನ ಧೂಳಿನಲ್ಲಿ ಕೈಯ ಅಚ್ಚು, ನಾಲ್ಕೂವರೆ ಬೆರಳು. ಅರ್ಧ ಉಂಗುರ ಬೆರಳು ಮುಲ್ಕಿಯಲ್ಲಿ ಮಾವನ ಸೋಡಾ ಅಂಗಡಿಯಲ್ಲಿ ಹೋದದ್ದು, ಬಾಟಲಿ ಒಡೆದು, ಏಳನೇ ಕ್ಲಾಸಿನಲ್ಲಿ. ಮದುವೆಯ ದಿನ ಕೈ ಹಿಡಿದಾಗ ನನಗೆ ಮೊದಲು ಗೊತ್ತಾದದ್ದು ಆ ಬೆರಳೇ, ಇದ್ದಕ್ಕಿದ್ದಂತೆ ಮುಗಿಯುವ ಬೆರಳು, ಹೆದರಿದ್ದೆ, ಆಮೇಲೆ ಕತ್ತಲಲ್ಲಿ ಅದನ್ನೇ ಹುಡುಕುತ್ತಿದ್ದೆ.

ಟಪ್. ಆಫೀಸಿನಿಂದ ಬಂದವರು ನೇರ ಮೇಲೆ ಬರುವವರಲ್ಲ, ಕೆಳಗೆ ಪಾರ್ಕಿಂಗಿನಲ್ಲಿ ಚಾರ್ಜಿಗೆ ಹಾಕಿ, ಸೀಟು ಹಿಂದಕ್ಕೆ ಮಾಡಿ, ಎಸಿ ಜೋರು ಮಾಡಿ ಮಲಗುವುದು, ಹತ್ತು ನಿಮಿಷ ಸುಜಾತಾ, ಇಂಜಿನ್ ಇಲ್ಲದ ಕಾರಿನ ಸುಖ ನಿಂಗೆ ಗೊತ್ತಿಲ್ಲ, ಸದ್ದೂ ಇಲ್ಲ ಹೊಗೆಯೂ ಇಲ್ಲ, ಎಷ್ಟು ಹೊತ್ತು ಬೇಕಾದ್ರೂ ಮಲಗು. ಎಷ್ಟು ಹೊತ್ತು ಬೇಕಾದರೂ. ಆ ದಿನ ನೀರು ದೋಸೆ ಆರಿ ಚರ್ಮವಾಯಿತು, ಇಳಿದು ಹೋದೆ, ಕಾರಿನ ಗಾಜು ಹೊರಗಿನಿಂದ ಪೂರ್ತಿ ಬೆಳ್ಳಗೆ, ಹೊರಗೆ ಅಷ್ಟು ಸೆಕೆ, ಒಳಗೆ ಅಷ್ಟು ತಂಪು, ನೀರು ಇಳಿಯುತ್ತಿತ್ತು, ಸೆರಗಿನಿಂದ ಗಾಜಿನ ಮೇಲೆ ಒಂದು ವೃತ್ತ ಒರೆಸಿದೆ, ವೃತ್ತದೊಳಗೆ ಅವರ ಮುಖ, ಕಣ್ಣು ಮುಚ್ಚಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ಎದ್ದೇಳಿ ಅಂತ ಗಾಜು ತಟ್ಟಿದೆ. ಬಾಗಿಲು ತೆರೆದಾಗ ಬಂದ ಚಳಿ, ದೇವರೇ, ನಾನು ಯಾವತ್ತೂ ನೋಡದ ಊರಿನ ಚಳಿ, ಕೆನ್ನೆ ಮುಟ್ಟಿದೆ, ಅವರು ತಣ್ಣಗಿದ್ದದ್ದು ಎಸಿಗೋ ಬೇರೆಯದಕ್ಕೋ ತಿಳಿಯಲಿಲ್ಲ, ಕಾರಿನ ಸ್ಕ್ರೀನಿನ ಮೂಲೆಯಲ್ಲಿ ಎಸಿಯ ಗುರುತು, ಒಂದು ಸಣ್ಣ ಹಿಮದ ಹೂವು ಉರಿಯುತ್ತಿತ್ತು, ನೀಲಿ. ಹಾರ್ಟ್ ಅಂದರು. ನಿದ್ದೆಯಲ್ಲೇ ಹೋದರು, ಏನೂ ಗೊತ್ತಾಗಿರಲಿಕ್ಕಿಲ್ಲ, ಆ ಮಲಯಾಳಿ ಡಾಕ್ಟರು ನನ್ನ ಕೈ ಹಿಡಿದು ಹೇಳಿದ್ದು. ನಿದ್ದೆಯಲ್ಲೇ. ವರ್ಷವಿಡೀ ನಾನು ಉಂಡದ್ದು ಅದೊಂದೇ ಮಾತನ್ನು, ಬೆಳಿಗ್ಗೆ ಎದ್ದರೆ ನಿದ್ದೆಯಲ್ಲೇ, ಮಲಗುವಾಗ ನಿದ್ದೆಯಲ್ಲೇ, ಅದು ಇಲ್ಲದಿದ್ದರೆ ಮಗಳನ್ನು ಕಟ್ಟಿಕೊಂಡು ಈ ಊರಿನಲ್ಲಿ ನಿಲ್ಲುತ್ತಿದ್ದೆನಾ.

ಮತ್ತೆ ಆ ಕಾರು, ಅದು ಬಿಡುವುದಿಲ್ಲ, ಸಂಜೆ ಮಸೀದಿಯಲ್ಲಿ ಮಗ್ರಿಬಿನ ಬಾಂಗ್ ಆಗುವ ಹೊತ್ತಿಗೆ ತಾನಾಗಿ ಎಸಿ ಹಾಕಿಕೊಳ್ಳುತ್ತದೆ, ಪಾರ್ಕಿಂಗಿನಲ್ಲಿ, ಒಳಗೆ ಒಂದು ಪಿಳ್ಳೆಯೂ ಇಲ್ಲದೆ, ಗಾಜು ಬೆಳ್ಳಗಾಗುತ್ತದೆ, ನೀರು ಇಳಿಯುತ್ತದೆ. ಅದರಲ್ಲಿ ಭೂತ ಇಲ್ಲ ಅಮ್ಮಾ, ಅಪ್ಪ ಮೊಬೈಲಿನಲ್ಲಿ ಟೈಮ್ ಇಟ್ಟದ್ದು, ಅಪ್ಪನ ಮೊಬೈಲ್ ಲಾಕ್, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಅಷ್ಟೇ. ಅಷ್ಟೇ. ಚಾರ್ಜ್ ಹಾಕದಿದ್ದರೆ ಅದು ತಾನಾಗಿ ನಿಲ್ಲುತ್ತಿತ್ತು, ಗೊತ್ತು, ಆದರೂ ನಾನೇ ಇಳಿದು ಹೋಗಿ ವೈರು ಸಿಕ್ಕಿಸಿ ಬರುತ್ತೇನೆ, ಬಡಿಸಿದ ಹಾಗೆ. ಮೊನ್ನೆ ನಾದಿನಿ ಶರ್ಮಿಳಾ ಮುಲ್ಕಿಯಿಂದ ಫೋನು, ಅತ್ತಿಗೆ, ಆಟಿ ತಿಂಗಳಲ್ಲಿ ಅಣ್ಣನಿಗೆ ಬಡಿಸ್ತೇವೆ, ನೀವೂ ಅಲ್ಲಿ ಒಂದು ಎಲೆ ಇಡಿ. ಇಡುವುದು ಗೊತ್ತಿದೆ, ಸತ್ತವರಿಗೆ ಎಲೆ ಇಟ್ಟು, ಅವರಿಗೆ ಬೇಕಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಲ್ಲುವುದು, ಉಣ್ಣುವಾಗ ನೋಡಬಾರದು, ಮತ್ತೆ ತೆರೆಯುವ ಮೊದಲು ಬಾಗಿಲು ಬಡಿಯಬೇಕು, ಒಂದು ಕೆಮ್ಮಾದರೂ ಕೆಮ್ಮಬೇಕು, ಚಿಕ್ಕವಳಿರುವಾಗ ನಾನು ಸೀದಾ ನೂಕಿ ಒಳಗೆ ಹೋದೆ ಅಂತ ಅಜ್ಜಿ ಬೆನ್ನಿಗೆ ಕೊಟ್ಟ ಪೆಟ್ಟು ಈಗಲೂ ಚುರುಗುಡುತ್ತದೆ, ಉಂಡವರು ಏಳುವಷ್ಟು ಹೊತ್ತು ಕೊಡುದಾ ಬೇಡ್ವಾ ಅಂತ. ಹಾಗೆ ಬುಸೈತೀನಿನಲ್ಲಿ ಬಾಂಗಿನ ಹೊತ್ತಿಗೆ ಆ ಕಾರಿನ ಬಾಗಿಲನ್ನು ಈ ವರ್ಷವಿಡೀ ಯಾರೂ ತೆರೆದದ್ದಿಲ್ಲ. ಒಳಗಿನ ಗಾಜು ಒರೆಸಲಿಕ್ಕೂ ಅಪೇಕ್ಷಾ ಬಿಟ್ಟವಳಲ್ಲ, ಬೇಡಮ್ಮಾ, ಅಪ್ಪನ ಪರಿಮಳ ಹೋಗ್ತದೆ.

ಮಾರಿಬಿಡಲಾ. ಯಾರಿಗೆ, ಯಾರೋ ಗೊತ್ತಿಲ್ಲದವನು ಬಾಂಗಿನ ಹೊತ್ತಿಗೆ ಅದರೊಳಗೆ ಕೂತರೆ ನನ್ನ ಹೊಟ್ಟೆ ಕೇಳುತ್ತದಾ. ಮಗಳು ಕೂತರೆ ಕೇಳುತ್ತದಾ. ಹಿಮದ್ದನ್ನೇ ಹಾಕಿಸಿದರೆ ಕಾರು ಅವರದ್ದಾಗಿಯೇ ಉಳಿಯುತ್ತದೆ, ಮಗಳು ಸರ್ಕಲ್ಲಿನಲ್ಲಿ ಬ್ರೇಕ್ ಒತ್ತುತ್ತಾಳೆ, ಅದು ನಿಲ್ಲುವುದಿಲ್ಲ, ಬೆಣ್ಣೆ. ಅಲ್ಲ, ಸತ್ತವರ ಹಟಕ್ಕೆ ಬದುಕಿದವಳನ್ನು ಜಾರಿಸುವುದಾ, ನಿದ್ದೆಯಲ್ಲೇ ಹೋದವರು ಯಾರ ಮೇಲೆಯೂ ಸಿಟ್ಟು ಇಟ್ಟುಕೊಂಡು ಹೋಗಿರುವುದಿಲ್ಲ, ಶಾಂತವಾಗಿ ಹೋದವರು, ಮಗಳು ಕೂತರೆ ಅವರಿಗೂ ಖುಷಿಯೇ. ಆಲ್ ಸೀಸನ್ನೇ ಹಾಕಿ ಅಂದೆ, ಇದು ನನ್ನ ಧ್ವನಿಯಾ, ನನ್ನದೇ, ಇಗ್ನೇಷಿಯಸ್ ತಲೆಯಾಡಿಸಿದರು, ಒಳ್ಳೇದಾಯ್ತು ಅಕ್ಕ, ರೂಪೇಶನೂ ಬೇಡ ಹೇಳ್ತಿರಲಿಲ್ಲ. ಅಪೇಕ್ಷಾ ನನ್ನ ಭುಜಕ್ಕೆ ಗಲ್ಲ ಊರಿ ನಿಂತಳು, ಚಿಕ್ಕವಳಿರುವಾಗ ನಿಲ್ಲುತ್ತಿದ್ದ ಹಾಗೆ. ಹೊಸ ಟಯರು ಉರುಳಿಕೊಂಡು ಬಂತು, ಅದರಲ್ಲಿಯೂ ಅದೇ ಗುಡ್ಡ, ಅದೇ ಹಿಮದ ಹೂವು, ಇದೇನು ಇಗ್ನೇಷಿಯಸ್, ಆಲ್ ಸೀಸನ್ನಿಗೂ ಕೆಲವಕ್ಕೆ ಇರ್ತದೆ ಅಕ್ಕ, ಹೆದರ್ಬೇಡಿ. ಹೆದರಿದ್ದು ಯಾರು. ಕುಂಕುಮ ತಂದಿಲ್ಲ, ನಿಂಬೆ ಹಣ್ಣೂ ತಂದಿಲ್ಲ.

ಕಾರು ಕೆಳಗಿಳಿಯಿತು, ಹೊಸ ಕಾಲಿನ ಮೇಲೆ ನಿಂತಿತು, ಆಚೆ ಬೀದಿಯ ಮಸೀದಿಯಲ್ಲಿ ಬಾಂಗ್ ಶುರುವಾಯಿತು, ಅದು ಎಲ್ಲಿದ್ದರೇನು, ಹೊತ್ತು ಅದಕ್ಕೆ ಗೊತ್ತು, ಒಳಗೆ ಸಣ್ಣಗೆ ಉಸಿರೆಳೆದ ಹಾಗೆ ಎಸಿ ಹತ್ತಿತು, ಇಗ್ನೇಷಿಯಸ್ ಯಾವುದೋ ಬಿಲ್ಲು ತರಲಿಕ್ಕೆ ಹೋದರು, ಗಾಜು ನಿಧಾನಕ್ಕೆ ಬೆಳ್ಳಗಾಗುತ್ತಿದೆ, ಅಪೇಕ್ಷಾ ಕೀಲಿ ಹಿಡಿದು ಹೊರಟಳು — ಬಡಿ, ಮಗಾ, ಮೊದಲು ಬಾಗಿಲು ಬಡಿ, ಕೆಮ್ಮು, ನಾನಾದರೂ ಕೆಮ್ಮುವಷ್ಟರಲ್ಲಿ ಅವಳು ಸೀದಾ ತೆರೆದಳು, ಕೂತಳು, ಒಂದು ಕಾಲು ಹೊರಗೆ ಇಟ್ಟುಕೊಂಡು ಸೀಟು ಮುಂದಕ್ಕೆ ಎಳೆಯುತ್ತಿದ್ದಾಳೆ, ತೆರೆದ ಬಾಗಿಲಿನಿಂದ ಒದ್ದೆ ಗಾಳಿ ಒಳಗೆ ಹೋಗುತ್ತಿದೆ, ಬಾ ಅಮ್ಮಾ ಅಂದಳು, ಬಾಗಿಲು ಹಾಕಿಕೊಂಡಳು. ನಾನು ಹತ್ತಿರ ಹೋದೆ. ಅವಳ ಮುಖ ಕಾಣಬೇಕು, ಅಷ್ಟೇ, ಸೆರಗಿನಿಂದ ಗಾಜು ಒರೆಸಿದೆ, ವೃತ್ತ, ಇನ್ನೂ ದೊಡ್ಡ ವೃತ್ತ, ಗಾಜು ಪೂರ್ತಿ ಒರೆಸಿದೆ, ಬಿಳಿ ಹೋಗಲಿಲ್ಲ, ಈ ಬಿಳಿ ಒಳಗಿನದ್ದು, ಆ ಬಿಳಿಯಲ್ಲಿ ಒಂದು ಕಡೆ ಮಂಜು ಹಿಡಿದಿಲ್ಲ, ಅಂಗೈಯಷ್ಟು ಜಾಗ, ಅಪೇಕ್ಷಾಳದ್ದಲ್ಲ, ಆ ಜಾಗದಿಂದಲೇ ಕಾಣುತ್ತದೆ ಅವಳ ಎರಡು ಕೈಯೂ ಸ್ಟೇರಿಂಗಿನ ಮೇಲೆ, ಎಡಗೈಯ ಅಂಗೈ, ಒಳಗಿನಿಂದ ಹೊರಗೆ ಒತ್ತಿದ್ದು, ಒತ್ತಿ ಕೆಳಗೆ ಜಾರಿದ್ದು, ನಿದ್ದೆಯಲ್ಲೇ ಅಂದಿದ್ದರು, ಏನೂ ಗೊತ್ತಾಗಿರಲಿಕ್ಕಿಲ್ಲ ಅಂದಿದ್ದರು, ನನ್ನ ಕೈಯನ್ನು ಅದರ ಮೇಲಿಟ್ಟೆ, ಗಾಜಿನ ಈಚೆಯಿಂದ, ಬೆರಳಿಗೆ ಬೆರಳು, ಉಂಗುರ ಬೆರಳಿನ ಹತ್ತಿರ ನನ್ನದು ಮುಂದೆ ಹೋಯಿತು, ಅದು ನಿಂತಿತು, ಅರ್ಧಕ್ಕೆ, ನಾಲ್ಕೂವರೆ, ನಾಲ್ಕೂವರೆ ಬೆರಳು