ಚುಕ್ಕಿ ಫೋನಿನ ಕೊನೆಯ ಅಪ್‌ಡೇಟ್

ಜನರ ಕೈ ಸೇರಿದ ಫೋನುಗಳಿಗೆ ಅಪ್‌ಡೇಟ್ ಕಳಿಸುವುದು ನಿವೇದಿತಾ ಇದ್ದ ತಂಡದ ಕೆಲಸ. ಎಲೆಕ್ಟ್ರಾನಿಕ್ ಸಿಟಿಯ ಅವಳ ಕಂಪನಿ ಕಡಿಮೆ ಬೆಲೆಯ ಸ್ಮಾರ್ಟ್‌ಫೋನುಗಳನ್ನು ಮಾರುತ್ತಿತ್ತು. ಹೊಸ ಮಾಡೆಲ್ ರೂಪಿಸುವವರು ಮೇಲಿನ ಮಹಡಿಯಲ್ಲಿ ಕೂರುತ್ತಿದ್ದರು. ಕೇಕು, ಚಪ್ಪಾಳೆ, ಪತ್ರಿಕೆಯಲ್ಲಿ ಫೋಟೊ ಎಲ್ಲ ಅವರಿಗೆ. ಅಪ್‌ಡೇಟ್ ತಂಡದವರು ನೆನಪಾಗುತ್ತಿದ್ದದ್ದು ಏನಾದರೂ ಕೆಟ್ಟಾಗ ಮಾತ್ರ.

ಎರಡು ವರ್ಷದ ಹಿಂದೆ, 2015ರಲ್ಲಿ, ಕಂಪನಿ ‘ಚುಕ್ಕಿ’ ಎಂಬ ಮಾಡೆಲ್ ತಂದಿತ್ತು. ಗಾರ್ಮೆಂಟ್ಸ್ ಕೆಲಸದವರು, ಆಟೊದವರು, ಕಾಲೇಜಿನವರು ಮುಗಿಬಿದ್ದು ಕೊಂಡಿದ್ದರು. ಮೊದಲ ವರ್ಷ ಚುಕ್ಕಿಗೆ ತಿಂಗಳಿಗೊಂದು ಅಪ್‌ಡೇಟ್ ಹೋಗುತ್ತಿತ್ತು. ಎರಡನೆಯ ವರ್ಷ ಅದು ಮೂರು ತಿಂಗಳಿಗೊಂದಾಯಿತು. ಈಗ ಹೊಸದೊಂದು ತೊಂದರೆ ಕಂಡಿತ್ತು. ಯಾರೋ ಕಳಿಸಿದ ಒಂದು ವಿಡಿಯೊ ತೆರೆದರೆ ಸಾಕು, ಇಡೀ ಫೋನು ಕಳ್ಳರ ಕೈವಶವಾಗಿಬಿಡುವಂಥ ಬಿರುಕು. ಅದನ್ನು ಮುಚ್ಚಲೇಬೇಕಿತ್ತು.

“ಇದೊಂದು ಕಳಿಸಿಬಿಡೋಣ,” ಎಂದ ತಂಡದ ಮುಖ್ಯಸ್ಥ ಈರೇಶ್, ಮೀಟಿಂಗಿನಲ್ಲಿ. “ಇದೇ ಲಾಸ್ಟ್. ಎರಡು ವರ್ಷದ ಫೋನ್‌ನ ಇನ್ನೂ ಯಾರು ಇಟ್ಕೊಂಡಿರ್ತಾರೆ?”

ಇಟ್ಟುಕೊಂಡವರು ಬಹಳ ಮಂದಿ ಇದ್ದರು. ಅದು ನಿವೇದಿತಾಗೆ ಗೊತ್ತಾದದ್ದು ಮೀಟಿಂಗು ಮುಗಿದ ಮಧ್ಯಾಹ್ನವೇ, ಬೊಮ್ಮನಹಳ್ಳಿಯಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ನಡೆಸುವ ನಲ್ಲಪ್ಪ ಫೋನು ಮಾಡಿದಾಗ.

“ಮೇಡಂ, ಒಂದು ವಿಚಿತ್ರ ನೋಡಿ. ಎಲ್ಲರೂ ಅಪ್‌ಡೇಟ್ ಹಾಕ್ಕೊಡಿ ಅಂತ ಬರ್ತಾರೆ. ಇಲ್ಲಿ ಒಂದಷ್ಟು ಹೆಣ್ಮಕ್ಕಳು ಹಾಕಿರೋದನ್ನ ತೆಗೆದ್ಕೊಡಿ ಅಂತಾರೆ. ಮಿಕ್ಕವರು, ಅಪ್‌ಡೇಟ್ ಹಾಕ್ಲಾ ಅಂತ ಫೋನ್ ಕೇಳ್ತಾನೇ ಇದ್ರೂ ಒತ್ತಲ್ಲ. ಏನಂತ ಕೇಳಿದ್ರೆ ನಂಗೆ ಅರ್ಥ ಆಗಲ್ಲ. ಅವರಿಗೆ ಕಿವಿ ಕೇಳ್ಸಲ್ಲ, ಮಾತು ಬರಲ್ಲ.”

ನಿವೇದಿತಾಳ ಮನೆ ಸಿಂಗಸಂದ್ರದಲ್ಲಿ. ಬೊಮ್ಮನಹಳ್ಳಿ ಅಲ್ಲಿಂದ ದೂರವೇನಲ್ಲ. ಶನಿವಾರ ಸಂಜೆ ಅವಳು ಹೊಸೂರು ರಸ್ತೆಯ ಬಸ್ಸು ಹತ್ತಿ ನಲ್ಲಪ್ಪನ ಅಂಗಡಿಗೆ ಹೋದಳು. ಗಾರ್ಮೆಂಟ್ಸ್ ಬಿಡುವ ಹೊತ್ತು. ರಸ್ತೆ ತುಂಬ ಹೆಣ್ಣುಮಕ್ಕಳು, ಕೈಯಲ್ಲಿ ಖಾಲಿ ಬುತ್ತಿಯ ಚೀಲ. ನಲ್ಲಪ್ಪ ಇಬ್ಬರನ್ನು ಕರೆದು ಕೂರಿಸಿದ್ದ. ಒಬ್ಬಳು ಸವಿತಾ, ಹತ್ತಿರದ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು, ಹುಟ್ಟಿನಿಂದ ಕಿವಿ ಕೇಳದವಳು. ಇನ್ನೊಬ್ಬಳು ಅವಳ ಅಕ್ಕ ಹೊಳೆವ್ವ. ಇಬ್ಬರೂ ಕುಷ್ಟಗಿ ಕಡೆಯವರು, ಒಂದೇ ಕಾರ್ಖಾನೆಯಲ್ಲಿ ಕೆಲಸ, ಒಂದೇ ಬಾಡಿಗೆ ಕೋಣೆ.

ಸವಿತಾ ನಿವೇದಿತಾಳನ್ನು ಮೇಲಿಂದ ಕೆಳಗೆ ನೋಡಿ, ಅಕ್ಕನ ಕಡೆ ತಿರುಗಿ ಕೈಬೆರಳುಗಳಲ್ಲಿ ಏನೋ ಹೇಳಿದಳು.

“ಏನಂದ್ರು?” ಎಂದು ನಿವೇದಿತಾ ಕೇಳಿದಳು.

ಹೊಳೆವ್ವ ಸ್ವಲ್ಪ ಅಳುಕಿದಳು. “ಫೋನ್ ಕೆಡಿಸಿದಾಕಿ ಈಕಿ ಏನು ಅಂತ ಕೇಳಾಕತ್ತಾಳ್ರೀ.”

“ನಮ್ಮ ಕಂಪನಿನೇ. ಏನು ಕೆಟ್ಟಿದೆ ಅಂತ ಹೇಳಿ, ಅದಕ್ಕೇ ಬಂದಿದ್ದೀನಿ.”

ಆಮೇಲೆ ಸವಿತಾ ಹೇಳುತ್ತ ಹೋದಳು, ಹೊಳೆವ್ವ ಅದನ್ನು ಮಾತಿಗೆ ತರುತ್ತ ಹೋದಳು.

ಸವಿತಾಳ ಮದುವೆ ಬಸಲಿಂಗ ಎಂಬವನೊಂದಿಗೆ ಗೊತ್ತಾಗಿತ್ತು. ಅವನಿಗೂ ಕಿವಿ ಕೇಳದು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಅವನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುತ್ತ ಅಲ್ಲೇ ಗೆಳೆಯರ ಕೋಣೆಯಲ್ಲಿದ್ದ. ಅವಳಿರುವುದು ಊರಿನ ಈ ತುದಿ, ಅವನಿರುವುದು ಆ ತುದಿ. ಭೇಟಿ ಭಾನುವಾರ ಮಾತ್ರ. ಆದರೆ ನೆಟ್ ಅಗ್ಗವಾದ ಮೇಲೆ ಪ್ರತಿ ಸಂಜೆ ವಿಡಿಯೊ ಕಾಲ್ ಮಾಡಿ, ಫೋನನ್ನು ಕಿಟಕಿಗೆ ಒರಗಿಸಿ, ಇಬ್ಬರೂ ಕೈತುಂಬ ಮಾತಾಡುತ್ತಿದ್ದರು. ಅಕ್ಷರ ಇಬ್ಬರಿಗೂ ಬರುತ್ತಿತ್ತು, ಆದರೆ ಬರೆದು ಕಳಿಸುವುದರಲ್ಲಿ ಮಾತಿನ ಸುಖ ಎಲ್ಲಿಂದ ಬರಬೇಕು?

ಹಿಂದಿನ ಅಪ್‌ಡೇಟ್ ಹಾಕಿಕೊಂಡ ದಿನದಿಂದ ಆ ಚಿತ್ರ ನಡುನಡುವೆ ನಿಂತುಬಿಡತೊಡಗಿತು. ಬಸಲಿಂಗ ಏನೋ ಹೇಳುತ್ತಿರುತ್ತಾನೆ, ಎತ್ತಿದ ಕೈ ಎತ್ತಿದಂತೆಯೇ ಕಲ್ಲಾಗುತ್ತದೆ. ಮತ್ತೆ ಅಲುಗುವಷ್ಟರಲ್ಲಿ ಅರ್ಧ ಮಾತು ಹೋಗಿರುತ್ತದೆ.

ಒಂದು ಸಂಜೆ ಬಸಲಿಂಗ ಕಾಲ್ ಮಾಡಿದಾಗ ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಅವನು ಎಡಗೈಯಲ್ಲಿ ಗಡಿಬಿಡಿಯಿಂದ ಏನೋ ಹೇಳಲು ಹೊರಟ. ಚಿತ್ರ ಅಲ್ಲೇ ನಿಂತಿತು. ಬಟ್ಟೆಯ ಮೇಲೆ ರಕ್ತದ ಕಲೆ, ಬಾಯಿ ತೆರೆದ ಮುಖ. ಸವಿತಾ ಫೋನು ಅಲುಗಾಡಿಸಿದಳು, ಕಾಲ್ ಕತ್ತರಿಸಿ ಮತ್ತೆ ಮಾಡಿದಳು. ಮತ್ತೆ ಹಾಗೆಯೇ. ಆಮೇಲೆ ಅವನಿಂದ ಎರಡು ಪದ ಬಂದವು: ‘ಕೈ ಆಸ್ಪತ್ರೆ’.

“ಅಕ್ಕಾರ, ಈ ಮಂದಿಗೆ ಕೈ ಅಂದ್ರ ಬಾಯಿ ಇದ್ದಂಗ,” ಎಂದಳು ಹೊಳೆವ್ವ. “ಅಂವನ ಕೈ ಹೋತು, ಮಾತs ಹೋತು ಅಂತ ಈಕಿ ತಿಳಕೊಂಡ್ಳು. ಉಟ್ಟ ಸೀರ್ಯಾಗ ಓಡಿದ್ಳು. ನಾನೂ ಬೆನ್ನ ಹತ್ತಿದೆ. ಮೆಜೆಸ್ಟಿಕ್ ತನಕ ಒಂದು ಬಸ್, ಅಲ್ಲಿಂದ ಪೀಣ್ಯಕ್ಕ ಇನ್ನೊಂದು. ದಾರಿ ತುಂಬ ಅತ್ಕೊಂತ ಬಂದ್ಳ್ರೀ.”

“ಆಮೇಲೆ?”

“ಹೋಗಿ ನೋಡಿದ್ರ ಅಂವ ಗೇಟಿನ ಮುಂದ ಚಾ ಕುಡಿಯಾಕತ್ತಾನ! ಒಂದು ಬೆರಳಿಗೆ ಎಲ್ಡು ಹೊಲಿಗಿ ಹಾಕಿದ್ರು. ‘ಆಸ್ಪತ್ರಿಗೆ ಹೋಗಿ ಬಂದೆ, ಆರಾಮ ಅದೀನಿ’ ಅಂತ ಹೇಳಾಕ ಹೊಂಟಿದ್ನಂತ.”

ಅಂದಿನಿಂದ ಸವಿತಾ ತನ್ನಂತೆಯೇ ಕಿವಿ ಕೇಳದ ಗೆಳತಿಯರಿಗೆಲ್ಲ ಒಂದೇ ಮಾತು ಕಲಿಸಿದ್ದಳು: ಅಪ್‌ಡೇಟ್ ಎಂದು ಬಂದರೆ ಒತ್ತಬೇಡಿ. ಆ ಮಾತು ಕೈಯಿಂದ ಕೈಗೆ ದಾಟಿ ಪೀಣ್ಯದವರೆಗೂ ಹೋಗಿತ್ತು.

“ಕಂಪನಿಗೆ ಕಂಪ್ಲೇಂಟ್ ಯಾಕೆ ಮಾಡ್ಲಿಲ್ಲ ನೀವು?” ಎಂದು ಕೇಳಿದ ಮೇಲೆ ನಿವೇದಿತಾಗೆ ತನ್ನ ಪ್ರಶ್ನೆಯ ಬಗ್ಗೆಯೇ ನಾಚಿಕೆಯಾಯಿತು. ದೂರು ಕೊಡಲು ಕಂಪನಿ ಕೊಟ್ಟಿದ್ದದ್ದು ಒಂದು ಫೋನ್ ನಂಬರು. ಅಲ್ಲಿಗೆ ಕರೆ ಮಾಡಿದರೆ ಮಾತಾಡಬೇಕಿತ್ತು.

ಸೋಮವಾರ ಅವಳು ಈರೇಶನ ಮುಂದೆ ಕುಳಿತಳು.

“ಆ ವಿಡಿಯೊ ಪ್ರಾಬ್ಲಮ್ ಗೊತ್ತು,” ಎಂದ ಅವನು. “ಮೂರ್ನಾಲ್ಕು ಜನ ಫೋನ್ ಮಾಡಿ ಹೇಳಿದ್ರು. ಚಿತ್ರ ಒಂಚೂರು ನಿಲ್ಲುತ್ತೆ, ಧ್ವನಿ ಬರ್ತಾನೇ ಇರುತ್ತೆ ಅಂತ. ಧ್ವನಿ ಬರುತ್ತಲ್ಲ ಅಂತ ಬಿಟ್ವಿ. ಲ್ಯಾಬ್‌ನಲ್ಲಿ ಎಷ್ಟು ಟ್ರೈ ಮಾಡಿದ್ರೂ ನಮಗೆ ಅದು ಬರ್ಲೂ ಇಲ್ಲ.”

“ಇವರಿಗೆ ಧ್ವನಿನೇ ಇಲ್ಲ ಈರೇಶ್. ಚಿತ್ರ ನಿಂತ್ರೆ ಫೋನ್ ಕಟ್ ಆದ ಹಾಗೆ. ಅದಕ್ಕೇ ಈ ಅಪ್‌ಡೇಟೂ ಅವರು ಹಾಕ್ಕೊಳಲ್ಲ. ಬಿರುಕು ಹಾಗೇ ಉಳಿಯುತ್ತೆ.”

ಈರೇಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕೆಟ್ಟವನಲ್ಲ, ಆದರೆ ಅವನ ತಲೆಯ ಮೇಲೆ ಇನ್ನೂ ನಾಲ್ಕು ಮಾಡೆಲ್‌ಗಳ ಕೆಲಸವಿತ್ತು. “ತೊಂದರೆ ಕಣ್ಣಿಗೆ ಕಾಣದೆ ಹೆಂಗೆ ರಿಪೇರಿ ಮಾಡೋಣ ಹೇಳಿ?”

“ಅವರನ್ನೇ ಕರೆಸ್ತೀನಿ. ಒಂದೇ ದಿನ.”

ಮುಂದಿನ ಭಾನುವಾರ ಸವಿತಾ, ಹೊಳೆವ್ವ, ಬಸಲಿಂಗ ಮೂವರೂ ಕಂಪನಿಗೆ ಬಂದರು. ಬಸಲಿಂಗ ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಬೆರಳು ವಾಸಿಯಾಗಿತ್ತು. ಅವನನ್ನು ಕೆಳಗಿನ ರಿಸೆಪ್ಷನ್ನಿನಲ್ಲಿ ಕೂರಿಸಿದರು, ಸವಿತಾಳನ್ನು ಮೇಲಿನ ಕೋಣೆಯಲ್ಲಿ. ಇಬ್ಬರ ಚುಕ್ಕಿಗಳಿಗೂ ವೈರು ಸಿಕ್ಕಿಸಿ, ಒಳಗೆ ಏನು ನಡೆಯುತ್ತಿದೆ ಎಂದು ಕಂಪ್ಯೂಟರಿನಲ್ಲಿ ನೋಡುತ್ತ ಈರೇಶ್ ಮತ್ತು ನಿವೇದಿತಾ ಕುಳಿತರು.

ಸುತ್ತ ಜನರಿದ್ದದ್ದಕ್ಕೆ ಇಬ್ಬರಿಗೂ ಸಂಕೋಚ. ಊಟ ಆಯಿತಾ, ಬಸ್ಸು ಸಿಕ್ಕಿತಾ ಎಂದು ಸಣ್ಣಸಣ್ಣದಾಗಿ ಬೆರಳು ಆಡಿಸಿದರು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

“ನೋಡಿ, ಬರ್ತಿಲ್ಲ,” ಎಂದ ಈರೇಶ್.

ಅಷ್ಟರಲ್ಲಿ ಸವಿತಾ ಒಂದು ಪ್ರಶ್ನೆ ಕೇಳಿದಳು. ಬಸಲಿಂಗ ಉತ್ತರ ಕೊಟ್ಟ. ಸವಿತಾಳ ಹುಬ್ಬು ಮೇಲೇರಿತು. ಮತ್ತೆ ಕೇಳಿದಳು, ಈ ಸಲ ಜೋರಾಗಿ. ಎರಡೂ ಕೈ ಗಾಳಿಯನ್ನು ಕೊಯ್ಯುವಂತೆ ಆಡತೊಡಗಿದವು. ಅತ್ತ ಬಸಲಿಂಗನೂ ಬಿಡಲಿಲ್ಲ.

“ಏನಾಯ್ತು?” ಎಂದಳು ನಿವೇದಿತಾ.

“ಮದುವಿ ಆದ ಮ್ಯಾಲೆ ಸವಿತಾ ಕೆಲಸ ಬಿಡ್ತಾಳ ಅಂತ ತಮ್ಮ ಅವ್ವಗ ಮಾತು ಕೊಟ್ಟಾನಂತ್ರೀ. ಈಕಿನ್ನ ಕೇಳೇ ಇಲ್ಲ.” ಹೊಳೆವ್ವ ತಂಗಿಯ ಕೈಗಳನ್ನೇ ನೋಡುತ್ತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಈಗ ಅನ್ನಾಕತ್ತಿದ್ದು ನಾ ಹೇಳಂಗಿಲ್ರೀ, ನೀವು ಓದಿದ ಮಂದಿ.”

ಆಗ ಚಿತ್ರ ನಿಂತಿತು. ಬಸಲಿಂಗ ಎರಡೂ ಕೈ ಮೇಲೆತ್ತಿ ಕಲ್ಲಾಗಿದ್ದ. ಕಂಪ್ಯೂಟರಿನ ತೆರೆಯ ಮೇಲೆ ಕೆಂಪು ಸಾಲುಗಳು ಸರಸರ ಉರುಳಿದವು.

“ಸಿಕ್ತು!” ಎಂದು ಈರೇಶ್ ಕುರ್ಚಿಯಿಂದ ಎದ್ದೇಬಿಟ್ಟ. “ಕೈ ಜೋರಾಗಿ ಆಡಿದಾಗ ಮಾತ್ರ! ಬ್ಯಾಟರಿ ಉಳಿಸೋಕೆ ಅಂತ ಹಿಂದಿನ ಅಪ್‌ಡೇಟ್‌ನಲ್ಲಿ ನಾವೊಂದು ಬದಲಾವಣೆ ಹಾಕಿದ್ವಲ್ಲ, ಅದು ಇಷ್ಟು ವೇಗದ ಚಿತ್ರ ತಡ್ಕೊಳ್ಳಲ್ಲ. ಲ್ಯಾಬ್‌ನಲ್ಲಿ ಎಲ್ರೂ ಸುಮ್ನೆ ಕೂತು ಹಲೋ ಹಲೋ ಅಂತಿದ್ವಿ. ಹೊಳೆವ್ವ, ಇನ್ನೊಂಚೂರು ಜಗಳ ಆಡೋಕೆ ಹೇಳಿ ಅವರಿಗೆ!”

ಹೇಳುವ ಅಗತ್ಯ ಬೀಳಲಿಲ್ಲ. ಇನ್ನೂ ಎರಡು ಸಲ ಚಿತ್ರ ನಿಂತಿತು. ಮೂರನೆಯ ಸಲಕ್ಕೆ ಸವಿತಾಳ ತಾಳ್ಮೆ ಮುಗಿಯಿತು. ಫೋನನ್ನು ಮೇಜಿನ ಮೇಲೆ ಬಿಟ್ಟು, ದಡದಡ ಮೆಟ್ಟಿಲಿಳಿದು ರಿಸೆಪ್ಷನ್ನಿಗೇ ಹೋದಳು. ಕೋಣೆಯ ಗಾಜಿನ ಗೋಡೆಯಿಂದ ಕೆಳಗೆ ನೋಡಿದಾಗ ಅವಳ ಕೈಗಳು ಹಾರುತ್ತಿದ್ದದ್ದು, ಬಸಲಿಂಗನ ಕೈಗಳು ನಿಧಾನವಾಗಿ ತಗ್ಗಿದ್ದು, ಕೊನೆಗೆ ಅವನು ತಲೆ ಕೆರೆದುಕೊಂಡು ನಕ್ಕದ್ದು ಎಲ್ಲ ಮೇಲಿದ್ದವರಿಗೆ ಕಾಣಿಸಿತು. ಸವಿತಾ ಮಾತ್ರ ಇನ್ನೂ ನಗಲಿಲ್ಲ.

“ತಮ್ಮ ಅವ್ವಗ ತಾನs ಹೇಳ್ತಾನಂತ,” ಎಂದಳು ಹೊಳೆವ್ವ, ನಿಟ್ಟುಸಿರು ಬಿಟ್ಟು. “ಕೆಲಸ ಬಿಡಂಗಿಲ್ಲ ಅಂತ.”

ರಿಪೇರಿಗೆ ಎರಡು ವಾರ ಹಿಡಿಯಿತು. ಬಿರುಕು ಮುಚ್ಚುವುದು, ಚಿತ್ರ ಸರಿಪಡಿಸುವುದು ಎರಡನ್ನೂ ಒಂದೇ ಅಪ್‌ಡೇಟಿನಲ್ಲಿ ಸೇರಿಸಿದರು. ಈ ನಡುವೆ ಈರೇಶ್ ಮೇಲಧಿಕಾರಿಗಳೊಂದಿಗೆ ಎರಡು ಸಲ ಮೀಟಿಂಗಿಗೆ ಹೋಗಿ ಬಂದ. ಅಲ್ಲಿ ಏನು ಹೇಳಿದನೋ ನಿವೇದಿತಾಗೆ ಪೂರ್ತಿ ತಿಳಿಯಲಿಲ್ಲ. ಎರಡನೆಯ ಸಲ ಬಂದವನು, “ಚುಕ್ಕಿಗೆ ಇನ್ನೂ ಒಂದು ವರ್ಷ ಕೊಟ್ಟಿದ್ದಾರೆ, ಮೂರು ತಿಂಗಳಿಗೊಂದು,” ಎಂದಷ್ಟೇ ಹೇಳಿ ಕಾಫಿಗೆ ಹೋದ. ದೂರಿಗೆ ಮೆಸೇಜೂ ವಿಡಿಯೊವೂ ಕಳಿಸಬಹುದಾದ ಹೊಸ ನಂಬರೊಂದು ಆ ವಾರವೇ ಶುರುವಾಯಿತು.

ಆದರೆ ಅಪ್‌ಡೇಟ್ ಸಿದ್ಧವಾದರೆ ಸಾಲದು, ಅದನ್ನು ಜನ ಒತ್ತಬೇಕಿತ್ತು. ಒತ್ತಬೇಡಿ ಎಂಬ ಮಾತು ಅಷ್ಟು ದೂರ ಹೋಗಿತ್ತಲ್ಲ! ಶನಿವಾರ ಸಂಜೆ ನಿವೇದಿತಾ ಮತ್ತು ಈರೇಶ್ ಬೊಮ್ಮನಹಳ್ಳಿಗೆ ಬಂದರು. ಕಾರ್ಖಾನೆಯ ಎದುರಿನ ಚಹಾ ಅಂಗಡಿಯ ಬಳಿ ಸವಿತಾಳ ಗೆಳತಿಯರು ಗುಂಪಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಚುಕ್ಕಿ, ಎಲ್ಲರ ಮುಖದಲ್ಲೂ ಅನುಮಾನ. ಹೊಳೆವ್ವ ಏನು ಹೇಳಿದರೂ ಯಾರೂ ಮುಂದೆ ಬರಲಿಲ್ಲ.

ಸವಿತಾ ತನ್ನ ಫೋನು ತೆಗೆದಳು. ಒಂದು ಕ್ಷಣ ನಿವೇದಿತಾಳ ಮುಖ ನೋಡಿದಳು. ಬೆರಳಿನಿಂದ ಒತ್ತಿದಳು.

ಫೋನು ಆರಿತು. ಮತ್ತೆ ಹೊತ್ತಿತು. ಬಿಳಿ ಗೆರೆಯೊಂದು ಇರುವೆಯಂತೆ ತೆವಳತೊಡಗಿತು. ಗೆಳತಿಯರು ಅದನ್ನೇ ಬಗ್ಗಿ ನೋಡಿದರು. ಚಹಾ ಆರಿತು. ಇದು ಇಲ್ಲೇ ಕೆಟ್ಟರೆ ಏನು ಗತಿ ಎಂದು ನಿವೇದಿತಾ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡಳು. ಈರೇಶನಂತೂ ರಸ್ತೆಯ ಕಡೆ ಮುಖ ತಿರುಗಿಸಿ ನಿಂತಿದ್ದ.

ಫೋನು ತೆರೆದುಕೊಂಡ ಕೂಡಲೇ ಸವಿತಾ ಬಸಲಿಂಗನಿಗೆ ಕಾಲ್ ಮಾಡಿದಳು. ಅವನೂ ಪೀಣ್ಯದಲ್ಲಿ ಅಪ್‌ಡೇಟ್ ಹಾಕಿಕೊಂಡು ಕಾದಿದ್ದ. ಅವಳು ಬೇಕೆಂದೇ ಬಲು ವೇಗವಾಗಿ ಏನೋ ಹೇಳಿದಳು. ಅವನೂ ಅಷ್ಟೇ ವೇಗವಾಗಿ ಉತ್ತರಿಸಿದ. ಇನ್ನೂ ವೇಗವಾಗಿ ಇವಳು. ಗೆಳತಿಯೊಬ್ಬಳು ನಡುವೆ ತೂರಿ ಬಸಲಿಂಗನನ್ನು ಏನೋ ಛೇಡಿಸಿದಳು. ಅವನು ನಾಚಿ ಮುಖ ಮುಚ್ಚಿಕೊಂಡದ್ದೂ, ಬೆರಳ ಸಂದಿಯಿಂದ ಇಣುಕಿದ್ದೂ ಸ್ಪಷ್ಟವಾಗಿ ಕಂಡಿತು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಗುಂಪಿನಲ್ಲಿ ನಗು ಎದ್ದಿತು. ಒಬ್ಬೊಬ್ಬರಾಗಿ ತಮ್ಮ ತಮ್ಮ ಫೋನು ಒತ್ತತೊಡಗಿದರು.

ಸವಿತಾ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೊಳೆವ್ವನ ಕೈಗೆ ಫೋನು ಕೊಟ್ಟು, ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ವಿಡಿಯೊ ಮಾಡಿಸಿದಳು. ಈ ಅಪ್‌ಡೇಟ್ ಒತ್ತಿ, ಹೆದರಬೇಡಿ, ಗುರುತಿಲ್ಲದವರು ಕಳಿಸಿದ ವಿಡಿಯೊ ಮಾತ್ರ ತೆರೆಯಬೇಡಿ ಎಂದು ಕೈಗಳಲ್ಲೇ ತಿಳಿಸಿ ಫೋನಿನಲ್ಲಿದ್ದ ತಮ್ಮವರ ಎಲ್ಲ ಗುಂಪುಗಳಿಗೂ ಕಳಿಸಿದಳು. ‘ಅಪ್‌ಡೇಟ್’ ಎಂಬುದಕ್ಕೆ ಅವರಲ್ಲಿ ಸಂಜ್ಞೆ ಇರಲಿಲ್ಲ. ಹರಿದ ಬಟ್ಟೆಗೆ ಹೊಲಿಗೆ ಹಾಕುವಂತೆ ಎಡಗೈ ಮೇಲೆ ಬಲಗೈ ಬೆರಳು ಓಡಿಸಿ, ಅವಳೇ ಒಂದನ್ನು ಮಾಡಿಬಿಟ್ಟಳು.

ಆಮೇಲೆ ನಿವೇದಿತಾಳ ಹತ್ತಿರ ಬಂದು ಕೇಳಿದಳು. ಹೊಳೆವ್ವ ಹೇಳಿದಳು: “ಇದು ಎಷ್ಟು ದಿನ ಬರ್ತೈತಿ ಅಂತ ಕೇಳಾಕತ್ತಾಳ್ರೀ.”

ಸುಳ್ಳು ಹೇಳಬಾರದೆಂದು ನಿವೇದಿತಾ ನಿರ್ಧರಿಸಿದಳು. “ಇನ್ನೊಂದು ವರ್ಷ, ಮೂರು ತಿಂಗಳಿಗೊಂದ್ಸಲ. ಆಮೇಲೆ ಈ ಫೋನ್‌ಗೆ ನಾವು ಏನೂ ಕಳಿಸಲ್ಲ. ಆಗ ಇದ್ರಲ್ಲಿ ಬ್ಯಾಂಕಿನ ವ್ಯವಹಾರ ಮಾಡೋದು ಸುರಕ್ಷಿತ ಅಲ್ಲ. ನಿಲ್ಲೋದಕ್ಕೆ ಮುಂಚೆ ಫೋನೇ ನಿಮಗೆ ಹೇಳುತ್ತೆ.”

ಸವಿತಾ ಯೋಚಿಸಿದಳು. ಬೇಸರವಾಯಿತೇನೋ ಎಂದುಕೊಂಡಳು ನಿವೇದಿತಾ. ಆದರೆ ಸವಿತಾ ತಲೆಯಾಡಿಸಿ, ನಿಧಾನವಾಗಿ, ಇವಳಿಗೂ ಅರ್ಥವಾಗಲೆಂಬಂತೆ ಕೈ ಆಡಿಸಿದಳು.

“ಮೊದಲs ಹೇಳಿದ್ರಿ, ಛಲೋ ಆತು ಅನ್ನಾಕತ್ತಾಳ,” ಎಂದಳು ಹೊಳೆವ್ವ. “ಒಂದು ವರ್ಷದಾಗ ಮದುವಿ ಆಗ್ತೈತಿ, ಇಬ್ಬರೂ ದುಡಿತೀವಿ, ಹೊಸಾದು ನೋಡಿದ್ರಾತು ಅಂತ. ಮದುವಿಗೆ ನೀವಿಬ್ಬರೂ ಬರಬೇಕಂತ್ರೀ.”

“ಬರ್ತೀವಿ ಅಂತ ಹೇಳಿ,” ಎಂದ ಈರೇಶ್.

“ನೀವs ಹೇಳ್ರಿ,” ಎಂದಳು ಹೊಳೆವ್ವ, ಮತ್ತು ಅವನ ಕೈ ಹಿಡಿದು, ಬರುತ್ತೇವೆ ಎನ್ನುವುದನ್ನು ಹೇಗೆ ಹೇಳಬೇಕೆಂದು ತೋರಿಸಿಕೊಟ್ಟಳು.